ಗುಡ್ಡಗಾಡಿನ ದಾರಿಯಲ್ಲಿ ಇಡೀ ದಿನದ ಸೈಕಲ್ ಸವಾರಿ: ಪದೇ ಪದೇ ಕೇಳುವ ಪ್ರಶ್ನೆಗಳು

ಬಯಲಿನಲ್ಲಿ 60–70 ಕಿ.ಮೀ. ಓಡಿಸಿ ರೂಢಿಯಿದ್ದು, ಈಗ ಏರಿಳಿತ ತುಂಬಿದ ದಾರಿಯಲ್ಲಿ ಒಂದು ಇಡೀ ದಿನದ ಸವಾರಿಗೆ ಹೊರಡಬೇಕೆಂದಿರುವವರಿಗಾಗಿ ಈ ಉತ್ತರಗಳು. ಸೈಕಲ್ ಎಂದರೆ ಇಲ್ಲಿ ಗೇರ್ ಇರುವ ರೋಡ್ ಬೈಕ್. ಲೆಕ್ಕಗಳಲ್ಲೆಲ್ಲ ಸವಾರರ ತೂಕ 75 ಕೆ.ಜಿ., ಸೈಕಲ್, ನೀರು, ಸಾಮಾನು ಸೇರಿ 10 ಕೆ.ಜಿ., ಒಟ್ಟು 85 ಕೆ.ಜಿ. ಎಂದು ಹಿಡಿದಿದ್ದೇವೆ. ನಿಮ್ಮ ತೂಕಕ್ಕೆ ತಕ್ಕಂತೆ ಏರಿಸಿ, ಇಳಿಸಿಕೊಳ್ಳಿ.

ಬಯಲಲ್ಲಿ 100 ಕಿ.ಮೀ. ಆರಾಮಾಗಿ ಓಡಿಸುತ್ತೇನೆ. ಗುಡ್ಡದಲ್ಲೂ 100 ಇಟ್ಟುಕೊಳ್ಳಬಹುದೇ?

ದೂರ ನೋಡಿ ದಾರಿ ಆರಿಸುವುದೇ ಎಲ್ಲರೂ ಮಾಡುವ ಮೊದಲ ತಪ್ಪು. ಗುಡ್ಡಗಾಡಿನಲ್ಲಿ ಸವಾರಿಯ ಅಳತೆ ಸಿಗುವುದು ಒಟ್ಟು ಏರಿನಲ್ಲಿ, ಅಂದರೆ ದಿನವಿಡೀ ಹತ್ತುವ ಮೀಟರ್‌ಗಳನ್ನೆಲ್ಲ ಕೂಡಿಸಿದ ಮೊತ್ತದಲ್ಲಿ. ಆ ಮೊತ್ತವನ್ನು ಕಿ.ಮೀ.ಗಳಿಂದ ಭಾಗಿಸಿ. ಕಿ.ಮೀ.ಗೆ 5 ಮೀ. ಬಂದರೆ ಹೆಚ್ಚುಕಡಿಮೆ ಬಯಲು. 10 ಬಂದರೆ ಅಲೆಯಲೆಯಾದ ದಾರಿ, ಕಾಲಿಗೆ ಗೊತ್ತಾಗುತ್ತದೆ. 15 ದಾಟಿತೆಂದರೆ ನಿಜವಾದ ಗುಡ್ಡಗಾಡು. 20 ಎಂದರೆ 100 ಕಿ.ಮೀ.ಗೆ 2,000 ಮೀ. ಏರು, ಪಳಗಿದವರಿಗೂ ಅದು ಒಂದು ದಿನದ ಕೆಲಸ.

ಇದುವರೆಗೆ ಒಂದೇ ದಿನದಲ್ಲಿ ನೀವು ಹತ್ತಿದ ಅತಿ ಹೆಚ್ಚು ಏರು ಎಷ್ಟು ನೋಡಿ. ಅದರ ಒಂದೂವರೆ ಪಟ್ಟಿನೊಳಗೆ ಹೊಸ ಸವಾರಿ ಇರಲಿ. 800 ಮೀ. ಹತ್ತಿದವರು 1,200ಕ್ಕೆ ಹೋಗಬಹುದು, 2,500ಕ್ಕೆ ಬೇಡ.

ಮೊತ್ತ ಒಂದೇ ಆದರೂ ಹಂಚಿಕೆ ಬೇರೆಯಾದರೆ ಸವಾರಿಯೇ ಬೇರೆ. 500 ಮೀಟರಿನ ನಾಲ್ಕು ಏರು ಒಂದು ಬಗೆ, 50 ಮೀಟರಿನ ನಲವತ್ತು ದಿಬ್ಬ ಇನ್ನೊಂದು ಬಗೆ. ಎರಡನೆಯದನ್ನು ಜನ ಹಗುರವಾಗಿ ಎಣಿಸುತ್ತಾರೆ. ಪುಟ್ಟ ದಿಬ್ಬ ಕಂಡರೆ ಒಂದೇ ಉಸಿರಿಗೆ ಹತ್ತಿಬಿಡೋಣ ಅನಿಸುತ್ತದೆ. ನಲವತ್ತು ಸಲ ಹಾಗೆ ಮಾಡಿದರೆ ಮಧ್ಯಾಹ್ನದ ಹೊತ್ತಿಗೆ ತೊಡೆಯಲ್ಲಿ ಏನೂ ಉಳಿದಿರುವುದಿಲ್ಲ.

ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಮುಂಚೆಯೇ ಲೆಕ್ಕ ಹಾಕುವುದು ಹೇಗೆ?

ಬಯಲಿನ ಸರಾಸರಿ ವೇಗವನ್ನು ಇಲ್ಲಿಗೆ ತರಬೇಡಿ. 10 ಕಿ.ಮೀ. ಏರನ್ನು ಗಂಟೆಗೆ 8 ಕಿ.ಮೀ.ನಂತೆ ಹತ್ತಿದರೆ 75 ನಿಮಿಷ. ಅದೇ ದಾರಿಯನ್ನು 40ರಲ್ಲಿ ಇಳಿದರೆ 15 ನಿಮಿಷ. 20 ಕಿ.ಮೀ.ಗೆ 90 ನಿಮಿಷ, ಸರಾಸರಿ ಬರೀ 13. ಏರಿನಲ್ಲಿ ಕಳೆದ ಹೊತ್ತನ್ನು ಇಳಿಜಾರು ಎಂದೂ ಪೂರ್ತಿ ವಾಪಸು ಕೊಡುವುದಿಲ್ಲ.

ಸರಿಯಾದ ಅಳತೆ ಗಂಟೆಗೆ ಎಷ್ಟು ಮೀಟರ್ ಎತ್ತರ ಹತ್ತುತ್ತೀರಿ ಎಂಬುದು. ಕನಿಷ್ಠ 20 ನಿಮಿಷ ಹಿಡಿಯುವ ಒಂದು ಏರು ಹುಡುಕಿ, ಚಿಕ್ಕ ಚಿಕ್ಕ ವಾಕ್ಯದಲ್ಲಿ ಮಾತಾಡಲು ಆಗುವಷ್ಟೇ ಜೋರಿನಲ್ಲಿ ಹತ್ತಿ. 20 ನಿಮಿಷದಲ್ಲಿ 210 ಮೀ. ಏರಿದರೆ ಗಂಟೆಗೆ 630. ರೂಢಿಯಿರುವ ಹವ್ಯಾಸಿಗಳು 500ರಿಂದ 700ರ ನಡುವೆ ಇರುತ್ತಾರೆ, ಚೆನ್ನಾಗಿ ತಾಲೀಮು ಮಾಡಿದವರು 800–1,000. ಏದುಸಿರು ಬಿಟ್ಟು ಹತ್ತಿದ ಅಂಕಿಯಾದರೆ ದಿನದ ಲೆಕ್ಕಕ್ಕೆ ಅದರ ಮುಕ್ಕಾಲು ಭಾಗ ಮಾತ್ರ ಹಿಡಿಯಿರಿ.

110 ಕಿ.ಮೀ., 2,000 ಮೀ. ಏರಿನ ಒಂದು ದಾರಿ ತೆಗೆದುಕೊಳ್ಳೋಣ. ಗಂಟೆಗೆ 600 ಮೀ.ನಂತೆ ಏರುಗಳಿಗೆ 3 ಗಂಟೆ 20 ನಿಮಿಷ. ಏರು ಸರಾಸರಿ ಶೇ 6.5 (100 ಮೀ.ಗೆ 6.5 ಮೀ. ಎತ್ತರ) ಇದ್ದರೆ ಅವುಗಳ ಉದ್ದ ಸುಮಾರು 31 ಕಿ.ಮೀ. ಅಷ್ಟೇ ಇಳಿಜಾರಿಗೆ, ತಿರುವುಗಳಿರುವುದರಿಂದ, 1 ಗಂಟೆ. ಉಳಿದ 48 ಕಿ.ಮೀ. ಸಮತಟ್ಟಿಗೆ 2 ಗಂಟೆ. ಒಟ್ಟು 6 ಗಂಟೆ 20 ನಿಮಿಷ. ನೀರು ತುಂಬಿಸಲು, ತಿನ್ನಲು, ಜಾಕೆಟ್ ಹಾಕಿ ತೆಗೆಯಲು 50 ನಿಮಿಷ. ಇದರ ಮೇಲೆ ಪಂಕ್ಚರ್, ಎದುರುಗಾಳಿಗೆಂದು ಶೇ 10 ಸೇರಿಸಿ. ಸುಮಾರು 8 ಗಂಟೆ ಆಯಿತು. ಕತ್ತಲಾಗುವುದಕ್ಕೆ ಎರಡು ಗಂಟೆ ಮುಂಚೆ ಮುಗಿಯುವಂತೆ ಹಿಂದಕ್ಕೆ ಎಣಿಸಿ ಹೊರಡುವ ಹೊತ್ತು ಗೊತ್ತುಮಾಡಿ.

ಒಂದು ಹೋಲಿಕೆ ಬೇಕಿದ್ದರೆ, ಬ್ರೆವೆ ಎಂಬ, ಗಡುವಿನೊಳಗೆ ಮುಗಿಸಬೇಕಾದ ದೂರದ ಸವಾರಿಗಳಲ್ಲಿ 200 ಕಿ.ಮೀ.ಗೆ ಕೊಡುವ ಗಡುವು 13 ಗಂಟೆ 30 ನಿಮಿಷ. ನಿಲುಗಡೆಯೂ ಸೇರಿ ಸರಾಸರಿ 15ಕ್ಕಿಂತ ತುಸು ಕಡಿಮೆ. ಬಯಲಿನಲ್ಲಿ ಧಾರಾಳ ಅನಿಸುವ ಈ ಗಡುವು ಗುಡ್ಡದ ದಾರಿಯಲ್ಲಿ ಬಿಗಿಯಾಗುತ್ತದೆ.

ಏರಿನ ಸರಾಸರಿ ಶೇಕಡಾವಾರು ನೋಡಿದರೆ ಸಾಲದೇ?

ಸಾಲದು. ಶೇ 8 ಎಂದರೆ 100 ಮೀ. ಮುಂದೆ ಹೋದಾಗ 8 ಮೀ. ಮೇಲೆ ಹೋಗಿರುತ್ತೀರಿ, ಅಷ್ಟೇ. ಸರಾಸರಿಯೊಳಗೆ ಏನೆಲ್ಲ ಅಡಗಿರಬಹುದು ಎನ್ನುವುದಕ್ಕೆ ಫ್ರಾನ್ಸಿನ ಮಾಂಟ್ ವೆಂಟೂ ಒಳ್ಳೆಯ ಉದಾಹರಣೆ. ಬೆದುವಾನ್ ಊರಿನ ಕಡೆಯಿಂದ ಸುಮಾರು 21 ಕಿ.ಮೀ., ಸರಾಸರಿ ಶೇ 7.5. ಆದರೆ ಮೊದಲ ಐದಾರು ಕಿ.ಮೀ. ದ್ರಾಕ್ಷಿ ತೋಟಗಳ ನಡುವೆ ಮೆಲ್ಲಗೆ ಏರುತ್ತದೆ. ಕಾಡು ಹೊಕ್ಕ ಮೇಲೆ ಶೇ 9, 10 ಬಿಡದೆ ಬರುತ್ತದೆ. 7.5 ಎಂದು ನಂಬಿ ಗೇರ್ ಆರಿಸಿದವರು ಸಿಕ್ಕಿಬೀಳುವುದು ಅಲ್ಲಿ. ಇನ್ನು ನಡುವೆ ಒಂದು ಇಳಿತ ಇದ್ದರಂತೂ ಸರಾಸರಿಗೆ ಅರ್ಥವೇ ಇರದು. 10 ಕಿ.ಮೀ. ಶೇ 5 ಎಂದು ಕಾಣುವ ದಾರಿಯಲ್ಲಿ 2 ಕಿ.ಮೀ. ಇಳಿಜಾರಿದ್ದರೆ ಉಳಿದ ಎಂಟು ಶೇ 7ರಷ್ಟು ಇರುತ್ತವೆ.

ಪ್ರತಿ ಕಿ.ಮೀ. ಬಿಡಿಸಿ ನೋಡಿ. ಇಡೀ ದಾರಿಯಲ್ಲಿ ಅತಿ ಕಡಿದಾದ 500 ಮೀ. ಎಲ್ಲಿದೆ, ಅಲ್ಲಿಗೆ ತಲುಪುವಾಗ ಎಷ್ಟು ಏರು ಮುಗಿದಿರುತ್ತದೆ ಎಂದು ಬರೆದುಕೊಳ್ಳಿ. ಗೇರ್ ನಿರ್ಧಾರವಾಗುವುದು ಆ 500 ಮೀಟರಿನಿಂದ.

ಒಂದೇ ದಾರಿಗೆ ಒಂದು ಆ್ಯಪ್ 1,700 ಮೀ. ಎನ್ನುತ್ತದೆ, ಇನ್ನೊಂದು 2,000. ಯಾವುದು ಸರಿ?

ಆ್ಯಪ್‌ಗಳು ನಿಮ್ಮ ದಾರಿಯನ್ನು ನೆಲದ ಎತ್ತರದ ನಕ್ಷೆಯ ಮೇಲೆ ಹಾಸಿ ಓದುತ್ತವೆ. 2000ನೇ ಇಸವಿಯಲ್ಲಿ ಬಾಹ್ಯಾಕಾಶ ನೌಕೆಯಿಂದ ರೇಡಾರ್‌ನಲ್ಲಿ ಅಳೆದ ಎಸ್‌ಆರ್‌ಟಿಎಂ ಇಂಥದ್ದೊಂದು ನಕ್ಷೆ, ಅದರ ಒಂದೊಂದು ಚೌಕ ಸುಮಾರು 30 ಮೀ. ಬೆಟ್ಟದ ಪಕ್ಕೆ ಕೊರೆದು ಮಾಡಿದ ರಸ್ತೆಯಲ್ಲಿ ಆ ಚೌಕ ರಸ್ತೆಯ ಬದಲು ಮೇಲಿನ ಬಂಡೆಯನ್ನೋ ಕೆಳಗಿನ ಕಂದಕವನ್ನೋ ಹಿಡಿದಿರುತ್ತದೆ. ಸೇತುವೆಯಿದ್ದಲ್ಲಿ ಹೊಳೆಯ ತಳಕ್ಕೆ ಇಳಿದು ಹತ್ತಿದಂತೆ, ಸುರಂಗವಿದ್ದಲ್ಲಿ ಬೆಟ್ಟದ ನೆತ್ತಿ ಏರಿ ಇಳಿದಂತೆ ಎಣಿಸುತ್ತದೆ. ಈ ಅಂಕುಡೊಂಕನ್ನು ಯಾರು ಎಷ್ಟು ನಯಗೊಳಿಸುತ್ತಾರೆ ಎಂಬುದರ ಮೇಲೆ ಮೊತ್ತ ಬದಲಾಗುತ್ತದೆ. ಶೇ 10–20 ವ್ಯತ್ಯಾಸ ಸಾಮಾನ್ಯ.

ಎಲ್ಲ ದಾರಿಗಳನ್ನೂ ಒಂದೇ ಆ್ಯಪ್‌ನಲ್ಲಿ ಹೋಲಿಸಿ, ದೊಡ್ಡ ಅಂಕಿಯನ್ನು ನಂಬಿ ತಯಾರಾಗಿ. 50 ಮೀ. ಉದ್ದಕ್ಕೆ ಮಾತ್ರ ಶೇ 25 ಎಂದು ತೋರಿಸುವ ಮೊನೆ ಬಹುತೇಕ ಸುಳ್ಳು. 300 ಮೀ. ಉದ್ದಕ್ಕೆ ಶೇ 14 ಇದ್ದರೆ ನಿಜವೆಂದೇ ಹಿಡಿಯಿರಿ.

ದಾರಿ ಹಾಕುವಾಗ ಯಾವ ಏರು ಎಲ್ಲಿ ಬರಬೇಕು?

ಅತಿ ಕಠಿಣ ಏರು ಮೊದಲರ್ಧದಲ್ಲಿ ಬರಲಿ, ಆದರೆ ಮೊದಲ 15 ಕಿ.ಮೀ.ಯೊಳಗೆ ಬೇಡ, ಕಾಲು ಬಿಸಿಯಾಗಲು ಅಷ್ಟು ಬೇಕು. ಕೊನೆಯ 20 ಕಿ.ಮೀ. ಸಮತಟ್ಟಾಗಿದ್ದರೆ, ಗಾಳಿ ಬೆನ್ನಿಗಿದ್ದರೆ ಇನ್ನೂ ಒಳ್ಳೆಯದು. ಸುತ್ತುದಾರಿಯನ್ನು ಎರಡು ದಿಕ್ಕಿನಲ್ಲೂ ಹಾಕಿ ನೋಡಿ. ಒಂದು ಕಡೆ ಕಡಿದು, ಇನ್ನೊಂದು ಕಡೆ ನಿಧಾನವಾಗಿರುವ ಬೆಟ್ಟವಾದರೆ ಕಡಿದಾದ ಕಡೆಯಿಂದ ಹತ್ತಿ, ನಿಧಾನದ ಕಡೆ ಇಳಿಯುವುದನ್ನೇ ನಾವು ಹೇಳುವುದು. ಹತ್ತುವಾಗ ತೀರಾ ಆಗದಿದ್ದರೆ ಇಳಿದು ತಳ್ಳಬಹುದು. ಇಳಿಯುವಾಗ ಕಡಿದು ಇಳಿಜಾರೂ ಕೆಟ್ಟ ರಸ್ತೆಯೂ ಸೇರಿದರೆ ಆಯ್ಕೆಗಳು ಕಡಿಮೆ.

ನೀರು ಸಿಗುವ ಜಾಗ ಕಿ.ಮೀ. ಲೆಕ್ಕದಲ್ಲಿ ಬೇಡ, ಗಂಟೆ ಲೆಕ್ಕದಲ್ಲಿ ಗುರುತು ಹಾಕಿ. ಬಯಲಿನಲ್ಲಿ 30 ಕಿ.ಮೀ. ಎಂದರೆ ಒಂದೂಕಾಲು ಗಂಟೆ; ನಡುವೆ 900 ಮೀ. ಏರಿದ್ದರೆ ಎರಡೂವರೆ ಗಂಟೆ. ಎರಡು ಬಾಟಲಿ ಅಷ್ಟು ಹೊತ್ತಿಗೆ ಖಾಲಿ.

ಜೊತೆಗೆ, ದಾರಿಯಲ್ಲಿ ಎರಡು ಕಡೆಯಾದರೂ ಅಡ್ಡದಾರಿ ಹಿಡಿದು ಬೇಗ ಮನೆ ಸೇರುವ ತಾವುಗಳಿರಲಿ. ಪ್ರತಿಯೊಂದಕ್ಕೂ ಒಂದು ಗಡಿಯಾರದ ಹೊತ್ತು ಕಟ್ಟಿ: 65ನೇ ಕಿ.ಮೀ. ಕೂಡುರಸ್ತೆಗೆ ಮಧ್ಯಾಹ್ನ 1ರೊಳಗೆ ಬರದಿದ್ದರೆ ಮೂರನೇ ಏರು ಬಿಟ್ಟು ಎಡಕ್ಕೆ. ಇದನ್ನು ಮನೆಯಲ್ಲಿ ಕೂತು ನಿರ್ಧರಿಸಬೇಕು. ದಣಿದ ತಲೆ ಅಲ್ಲಿ ನಿಂತು ಸರಿಯಾಗಿ ನಿರ್ಧರಿಸುವುದಿಲ್ಲ.

ರಸ್ತೆಯ ಮೇಲ್ಮೈ ಹೇಗಿದೆ ಎಂದು ಹೋಗದೆಯೇ ತಿಳಿಯುವುದು ಹೇಗೆ?

ಉಪಗ್ರಹ ಚಿತ್ರದಲ್ಲಿ ಬಣ್ಣ ನೋಡಿ. ಡಾಂಬರು ಬೂದು-ಕಪ್ಪು, ಮಣ್ಣುದಾರಿ ತಿಳಿ. ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಬಹಳಷ್ಟು ರಸ್ತೆಗಳಿಗೆ ಮೇಲ್ಮೈಯ ವಿವರ ಸೇರಿಸಿರುತ್ತಾರೆ. ಸ್ಟ್ರಾವಾ ಆ್ಯಪ್‌ನ ಹೀಟ್‌ಮ್ಯಾಪ್‌ನಲ್ಲಿ, ಅಂದರೆ ಜನ ಹೆಚ್ಚು ಓಡಾಡಿದ ರಸ್ತೆಗಳು ಹೊಳೆಯುವ ನಕ್ಷೆಯಲ್ಲಿ, ಒಂದು ರಸ್ತೆ ಪೂರಾ ಮಂಕಾಗಿದ್ದು ಪಕ್ಕದ್ದು ಹೊಳೆಯುತ್ತಿದ್ದರೆ, ಸೈಕಲ್ ಸವಾರರು ಆ ರಸ್ತೆ ಬಿಡುವುದಕ್ಕೆ ಏನೋ ಕಾರಣವಿದೆ ಎಂದರ್ಥ. ಬೀದಿಚಿತ್ರ ಸಿಕ್ಕರೆ ತೆಗೆದ ವರ್ಷ ನೋಡಲು ಮರೆಯಬೇಡಿ. ನಾಲ್ಕು ಮಳೆಗಾಲ ಕಂಡ ಡಾಂಬರು ಚಿತ್ರದಲ್ಲಿದ್ದಂತೆ ಇರುವುದಿಲ್ಲ.

ನನ್ನ ಗೇರ್ ಸಾಕಾಗುತ್ತದೆಯೇ?

ಲೆಕ್ಕ ಸುಲಭ. ಮುಂದಿನ, ಅಂದರೆ ಪೆಡಲಿನ ಬಳಿಯ, ಚಿಕ್ಕ ಚೈನ್‌ರಿಂಗ್‌ನ ಹಲ್ಲುಗಳನ್ನು ಹಿಂದಿನ ದೊಡ್ಡ ಹಲ್ಲುಚಕ್ರದ ಹಲ್ಲುಗಳಿಂದ ಭಾಗಿಸಿ. 28 ಮಿ.ಮೀ. ಟಯರಿನ ಸುತ್ತಳತೆ ಸುಮಾರು 2.13 ಮೀ., ಅದನ್ನು ಈ ಅನುಪಾತದಿಂದ ಗುಣಿಸಿದರೆ ಒಂದು ಸುತ್ತು ತುಳಿತಕ್ಕೆ ಹೋಗುವ ದೂರ.

ಹಳೆಯ ರೇಸಿಂಗ್ ಸೈಕಲ್‌ನ 39/25 ತೆಗೆದುಕೊಳ್ಳಿ, ಅನುಪಾತ 1.56. ನಿಮಿಷಕ್ಕೆ 60 ಸುತ್ತು ತುಳಿದರೂ ವೇಗ ಗಂಟೆಗೆ 12 ಕಿ.ಮೀ. ಶೇ 10ರ ಏರಿನಲ್ಲಿ 12ರ ವೇಗವೆಂದರೆ ಗಂಟೆಗೆ 1,200 ಮೀ. ಏರು, 85 ಕೆ.ಜಿ.ಯನ್ನು ಮೇಲೆತ್ತಲಷ್ಟೇ 278 ವಾಟ್ ಬೇಕು. ಬಹುತೇಕ ಹವ್ಯಾಸಿಗಳಿಗೆ ಇದು ಕೆಲವು ನಿಮಿಷ ಮಾತ್ರ ಸಾಧ್ಯ. ಅದಕ್ಕಿಂತ ನಿಧಾನ ಹೋಗಲು ತುಳಿತ 40ಕ್ಕೆ ಇಳಿಸಬೇಕು, ಆಗ ಮೊಣಕಾಲು ಮಾತಾಡಲು ಶುರುಮಾಡುತ್ತದೆ. 34/34 ಇದ್ದರೆ ಅದೇ 60 ಸುತ್ತಿಗೆ 7.7 ಕಿ.ಮೀ., ಬೇಕಾದದ್ದು 178 ವಾಟ್. ಒಂದೇ ಬೆಟ್ಟ, ಒಂದೇ ಕಾಲು, 100 ವಾಟ್ ವ್ಯತ್ಯಾಸ. ಶೇ 8ರ ಮೇಲಿನ ಉದ್ದನೆಯ ಏರುಗಳಿದ್ದರೆ 1ಕ್ಕೆ 1 ಅನುಪಾತ ಇಟ್ಟುಕೊಳ್ಳಿ. ಸುಲಭ ಗೇರ್ ಹಾಕಿಸಿಕೊಳ್ಳುವುದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಎಂಟನೇ ಗಂಟೆಯಲ್ಲಿ ಅದೇ ನಿಮ್ಮನ್ನು ಸೀಟಿನ ಮೇಲೆ ಉಳಿಸುವುದು.

ಹಾಗಾದರೆ ಬರೀ ಕ್ಯಾಸೆಟ್ (ಹಿಂದಿನ ಹಲ್ಲುಚಕ್ರಗಳ ಗೊಂಚಲು) ಬದಲಿಸಿದರೆ ಆಯಿತೇ?

ಅಷ್ಟಕ್ಕೇ ಮುಗಿಯುವುದಿಲ್ಲ. ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ಸರಿಸುವ ಹಿಂದಿನ ಡಿರೇಲರ್‌ಗೆ ಎರಡು ಮಿತಿಗಳಿವೆ: ಅದು ಹತ್ತಬಲ್ಲ ಅತಿ ದೊಡ್ಡ ಹಲ್ಲುಚಕ್ರ, ಮತ್ತು ಎಳೆದಿಡಬಲ್ಲ ಒಟ್ಟು ಚೈನ್. 50/34, 11-34 ಜೋಡಿಯಲ್ಲಿ (ಮುಂದೆ 50 ಮತ್ತು 34 ಹಲ್ಲು, ಹಿಂದೆ 11ರಿಂದ 34) ಮುಂದಿನ ವ್ಯತ್ಯಾಸ 16, ಹಿಂದಿನದು 23, ಒಟ್ಟು 39. ಎಳೆದಿಡಬೇಕಾದ ಚೈನಿನ ಲೆಕ್ಕ ಇದೇ. ಶಿಮಾನೊ 105 ಆರ್7000 ಸರಣಿಯ ಉದ್ದ ಪಂಜರದ (ಚೈನ್ ಎಳೆದು ಹಿಡಿಯುವ ತೋಳಿನ) ಡಿರೇಲರ್ ಸರಿಯಾಗಿ 34 ಹಲ್ಲು, 39ರ ಮಿತಿಯದ್ದು. ಅದೇ ಸರಣಿಯ ಗಿಡ್ಡ ಪಂಜರದ್ದಕ್ಕೆ 30 ಹಲ್ಲು, 35 ಮಿತಿ. ನಿಮ್ಮದರ ಒಳಬದಿಯಲ್ಲಿ ಮಾದರಿ ಸಂಖ್ಯೆ ಕೊರೆದಿರುತ್ತದೆ, ನೋಡಿಕೊಂಡು ಕೊಳ್ಳಿ.

ಚೈನ್ ಉದ್ದ ಅಳೆಯುವುದು ಹೀಗೆ. ಡಿರೇಲರ್ ಒಳಗಿಂದ ಹಾಯಿಸದೆ, ಮುಂದಿನ ದೊಡ್ಡ ರಿಂಗ್ ಮತ್ತು ಹಿಂದಿನ ದೊಡ್ಡ ಹಲ್ಲುಚಕ್ರದ ಮೇಲೆ ನೇರವಾಗಿ ಚೈನ್ ಸುತ್ತಿ. ಎರಡೂ ತುದಿ ಬಿಗಿಯಾಗಿ ಸೇರುವ ಜಾಗಕ್ಕಿಂತ ಎರಡು ಕೊಂಡಿ ಹೆಚ್ಚು ಬಿಡಿ. ಹಳೆಯ 11-28ಕ್ಕೆ ಕತ್ತರಿಸಿದ ಚೈನನ್ನೇ ಉಳಿಸಿಕೊಂಡರೆ, ಏರಿನಲ್ಲಿ ಗಾಬರಿಯಿಂದ ದೊಡ್ಡದು-ದೊಡ್ಡದಕ್ಕೆ ಹಾಕಿದ ಕ್ಷಣ ಚೈನ್ ಬಿಗಿದು, ಡಿರೇಲರನ್ನು ಫ್ರೇಮಿಗೆ ಹಿಡಿದಿಡುವ ಹ್ಯಾಂಗರ್ ಮುರಿಯುತ್ತದೆ. ಸವಾರಿ ಅಲ್ಲಿಗೆ ಮುಗಿಯಿತು.

ಇನ್ನೊಂದು ಸಣ್ಣ ಭಾಗ ಮರೆತುಹೋಗುತ್ತದೆ. ಶಿಮಾನೊದ ಎಚ್‌ಜಿ700, ಎಚ್‌ಜಿ800 ಮಾದರಿಯ 11-34 ಕ್ಯಾಸೆಟ್‌ಗಳನ್ನು 11 ಗೇರಿನ ರೋಡ್ ಹಬ್‌ಗೆ ಹಾಕುವಾಗ ಹಿಂದೆ 1.85 ಮಿ.ಮೀ. ಸ್ಪೇಸರ್ ಬೇಕು. ಅದಿಲ್ಲದಿದ್ದರೆ ಲಾಕ್‌ರಿಂಗ್ ಎಷ್ಟು ಬಿಗಿದರೂ ಕ್ಯಾಸೆಟ್ ಕೈಯಲ್ಲಿ ಅಲ್ಲಾಡುತ್ತದೆ. ಹೊಸ ಗೇರ್ ಹಾಕಿದ ಮೇಲೆ ಸ್ಟ್ಯಾಂಡ್ ಮೇಲೆ ಸರಿಯಾಗಿ ಕಂಡದ್ದು ಭಾರ ಬಿದ್ದಾಗ ಕೆಡಬಹುದು. ಮನೆಯ ಹತ್ತಿರದ ಒಂದು ಕಡಿದಾದ ದಿಬ್ಬದಲ್ಲಿ ಎಲ್ಲ ಗೇರ್‌ಗಳನ್ನೂ ಹಾಕಿ ನೋಡಿ. ದೊಡ್ಡ ಹಲ್ಲುಚಕ್ರದಲ್ಲಿದ್ದಾಗ ಡಿರೇಲರ್ ಚಕ್ರದ ಕಡ್ಡಿಗಳಿಗೆ ತಾಗುವ ಸದ್ದು ಬಂದರೆ ತಕ್ಷಣ ನಿಲ್ಲಿಸಿ. ಹ್ಯಾಂಗರ್ ಬಾಗಿದೆ, ಇಲ್ಲವೇ ಒಳಮಿತಿಯ ಸ್ಕ್ರೂ ಸಡಿಲವಾಗಿದೆ.

ಬ್ರೇಕ್ ವಿಷಯದಲ್ಲಿ ಏನು ನೋಡಬೇಕು?

500 ಮೀ. ಎತ್ತರದಿಂದ 85 ಕೆ.ಜಿ. ಕೆಳಗೆ ಬರುವಾಗ ಬಿಡುಗಡೆಯಾಗುವ ಶಕ್ತಿ ಸುಮಾರು 417 ಕಿಲೋಜೂಲ್. ಅದು ಗಾಳಿಗೆ ಹೋಗಬೇಕು, ಇಲ್ಲವೇ ಬ್ರೇಕಿನಲ್ಲಿ ಶಾಖವಾಗಬೇಕು. ಇಳಿಜಾರಿನ ಉದ್ದಕ್ಕೂ ಬ್ರೇಕನ್ನು ಮೆಲ್ಲಗೆ ಒತ್ತಿಕೊಂಡೇ ಬಂದರೆ ವೇಗ ಕಡಿಮೆ, ಗಾಳಿಯ ಪಾಲೂ ಕಡಿಮೆ, ಶಾಖವೆಲ್ಲ ಬ್ರೇಕಿಗೇ. ನೇರ ರಸ್ತೆಯಲ್ಲಿ ಬಿಟ್ಟು, ತಿರುವಿಗೆ ಮುಂಚೆ ಎರಡೂ ಬ್ರೇಕ್ ಗಟ್ಟಿಯಾಗಿ ಹಿಡಿದು ವೇಗ ಇಳಿಸಿ, ಮತ್ತೆ ಪೂರ್ತಿ ಬಿಡಿ. ರಿಮ್ ಬ್ರೇಕ್ ಇದ್ದರೆ ಇದು ಇನ್ನೂ ಮುಖ್ಯ. ರಿಮ್ ಕಾದರೆ ಒಳಗಿನ ಗಾಳಿಯ ಒತ್ತಡ ಏರಿ ಟ್ಯೂಬ್ ಸಿಡಿಯಬಹುದು, ಕಾರ್ಬನ್ ರಿಮ್ ಮೆತ್ತಗಾಗಿ ಹಾಳಾಗಬಹುದು.

ಹೊರಡುವ ವಾರ ಚಕ್ರ ಬಿಚ್ಚಿ, ಟಾರ್ಚ್ ಹಾಕಿ ಕ್ಯಾಲಿಪರ್ (ಬ್ರೇಕ್ ಪ್ಯಾಡ್ ಹಿಡಿದಿರುವ ಭಾಗ) ಒಳಗೆ ನೋಡಿ. ಲೋಹದ ತಟ್ಟೆಯ ಮೇಲೆ ಬ್ರೇಕ್ ಪದಾರ್ಥ 1 ಮಿ.ಮೀ. ಉಳಿದಿದ್ದರೂ ಗುಡ್ಡಕ್ಕೆ ಹೊಸದು ಹಾಕಿ. ಶಿಮಾನೊ ಪ್ಯಾಡ್‌ಗೆ ಮಿತಿ 0.5 ಮಿ.ಮೀ., ಮಳೆ ಬಂದರೆ ಉಳಿದ ಅರ್ಧ ಒಂದೇ ದಿನದಲ್ಲಿ ಸವೆಯಬಲ್ಲದು. ಡಿಸ್ಕ್ ಹೊಸದಿದ್ದಾಗ 1.8 ಮಿ.ಮೀ., 1.5ಕ್ಕೆ ಬಂದರೆ ಬದಲಿಸಿ. ಹೊಸ ಪ್ಯಾಡ್ ಹಾಕಿದ ದಿನವೇ ಬೆಟ್ಟ ಇಳಿಯಬೇಡಿ. ಖಾಲಿ ರಸ್ತೆಯಲ್ಲಿ 25–30ರ ವೇಗದಿಂದ ನಡಿಗೆಯ ವೇಗಕ್ಕೆ, ಚಕ್ರ ಲಾಕ್ ಆಗದಂತೆ, 15–20 ಸಲ ಗಟ್ಟಿಯಾಗಿ ಹಿಡಿದು ಪಳಗಿಸಿ.

ಟಯರ್ ಮತ್ತು ಗಾಳಿ?

28ರಿಂದ 32 ಮಿ.ಮೀ. ಟಯರ್, ಫ್ರೇಮಿನಲ್ಲಿ ಜಾಗವಿದ್ದರೆ. 75 ಕೆ.ಜಿ. ಸವಾರರಿಗೆ 28 ಮಿ.ಮೀ.ನಲ್ಲಿ ಹಿಂದೆ 70, ಮುಂದೆ 65 ಪಿಎಸ್‌ಐಯಿಂದ ಶುರುಮಾಡಿ. 100 ತುಂಬಿಸುವ ಹಳೆಯ ಅಭ್ಯಾಸ ಬಿಡಿ. ಒರಟು ರಸ್ತೆಯಲ್ಲಿ ಚಕ್ರ ಪುಟಿಯುತ್ತದೆ, ತಿರುವಿನಲ್ಲಿ ಹಿಡಿತ ಹೋಗುತ್ತದೆ. ಹುಕ್‌ಲೆಸ್ (ಟಯರಿನ ಅಂಚು ಹಿಡಿಯುವ ಕೊಕ್ಕೆಯಿಲ್ಲದ) ರಿಮ್ ಆಗಿದ್ದರೆ 5 ಬಾರ್, ಅಂದರೆ 72.5 ಪಿಎಸ್‌ಐ, ದಾಟಲೇಬಾರದು.

ಹಿಂದಿನ ರಾತ್ರಿ ಗಾಳಿ ಅರ್ಧ ಇಳಿಸಿ, ಟಯರಿನ ಒಂದೊಂದು ಅಂಗುಲವನ್ನೂ ಹೆಬ್ಬೆರಳಿನಿಂದ ಒತ್ತುತ್ತ ತಿರುಗಿಸಿ. ಕೊಯ್ತ ಬಾಯಿ ಬಿಡುತ್ತದೆ, ಒಳಗೆ ಕೂತ ಗಾಜಿನ ಚೂರು ಮಿನುಗುತ್ತದೆ. ಸೂಜಿಯ ತುದಿಯಿಂದ ಕಿತ್ತು ಹಾಕಿ. ಆ ಚೂರು ಇನ್ನೂ ಟ್ಯೂಬ್ ಮುಟ್ಟಿರುವುದಿಲ್ಲ, 40ನೇ ಕಿ.ಮೀ.ನಲ್ಲಿ ಮುಟ್ಟುತ್ತದೆ. ಟ್ಯೂಬ್‌ಲೆಸ್ ಆದರೆ ತೂತು ಮುಚ್ಚುವ ಸೀಲಂಟ್ ದ್ರವ ಮೂರು ತಿಂಗಳು ದಾಟಿದ್ದರೆ 30–40 ಮಿ.ಲೀ. ಹೊಸದು ಹಾಕಿ.

ಜೊತೆಗೆ ಏನೆಲ್ಲ ಒಯ್ಯಬೇಕು?

ಎರಡು ಟ್ಯೂಬ್ (ಟ್ಯೂಬ್‌ಲೆಸ್‌ನವರಿಗೂ ಒಂದು), ಎರಡು ಟಯರ್ ಲಿವರ್, ಪಂಪ್, ಪ್ಯಾಚ್, ಚೈನ್ ಕತ್ತರಿಸುವ ಸಾಧನವಿರುವ ಮಲ್ಟಿಟೂಲ್. ನಿಮ್ಮ ಚೈನಿನ ಗೇರ್ ಸಂಖ್ಯೆಗೆ ಹೊಂದುವ ಎರಡು ಕ್ವಿಕ್‌ಲಿಂಕ್ (ತುಂಡಾದ ಚೈನ್ ಜೋಡಿಸುವ ಕೊಂಡಿ). 11ರದ್ದು 12ಕ್ಕೆ ಆಗುವುದಿಲ್ಲ. ನಿಮ್ಮ ಫ್ರೇಮಿನದೇ ಡಿರೇಲರ್ ಹ್ಯಾಂಗರ್, ಯಾಕೆಂದರೆ ಇದು ಒಂದೊಂದು ಫ್ರೇಮಿಗೆ ಒಂದೊಂದು ಆಕಾರ, ದಾರಿಯಲ್ಲಿ ಯಾರ ಬಳಿಯೂ ಸಿಗದು. ಹಳೆಯ ಟಯರಿನ 5 ಸೆಂ.ಮೀ. ತುಂಡು, ಪಕ್ಕ ಹರಿದರೆ ಒಳಗಿಂದ ಇಡಲು. ಮುಂದೆ ಹಿಂದೆ ದೀಪ, ಹಗಲಾದರೂ.

ಕಾರ್ಬನ್ ಡೈಆಕ್ಸೈಡ್ ಸಿಲಿಂಡರ್ ಒಯ್ದರೂ ಪಂಪ್ ಬಿಡಬೇಡಿ. 16 ಗ್ರಾಂನದ್ದು 28 ಮಿ.ಮೀ. ಟಯರನ್ನು ಒಮ್ಮೆ ತುಂಬುತ್ತದೆ. ಕವಾಟ ಸರಿ ಕೂರದೆ ಬುಸ್ ಎಂದು ಹೋದರೆ ಮುಗಿಯಿತು.

ಏರಿನಲ್ಲಿ ಎಷ್ಟು ಜೋರಾಗಿ ತುಳಿಯಬೇಕು?

ಮೊದಲ ಏರು ತೀರಾ ಸುಲಭ ಅನಿಸಬೇಕು. ಅದೊಂದೇ ನಿಯಮ ನೆನಪಿಟ್ಟುಕೊಂಡರೂ ಸಾಕು. ಪವರ್ ಮೀಟರ್ ಇದ್ದವರು ಅರ್ಧ ಗಂಟೆ ಮೀರುವ ಏರುಗಳಲ್ಲಿ ಎಫ್‌ಟಿಪಿಯ (ಸುಮಾರು ಒಂದು ಗಂಟೆ ಉಳಿಸಿಕೊಳ್ಳಬಲ್ಲ ಅತಿ ಹೆಚ್ಚು ವಾಟ್) ಶೇ 75–80ರಲ್ಲಿ ಇರಿ. ಇಲ್ಲದವರಿಗೆ ಮಾತಿನ ಪರೀಕ್ಷೆ: ಐದಾರು ಪದದ ವಾಕ್ಯ ಹೇಳಲು ಆಗಬೇಕು. ಎರಡು ಪದಕ್ಕೆ ಉಸಿರು ಕತ್ತರಿಸಿದರೆ ಜೋರು ಹೆಚ್ಚಾಯಿತು.

ಕಾರಣ ದೇಹದೊಳಗಿನ ಉಗ್ರಾಣ. ಸ್ನಾಯು, ಯಕೃತ್ತಿನಲ್ಲಿ ಸಂಗ್ರಹವಾಗುವ ಗ್ಲೈಕೋಜನ್ ಸುಮಾರು 400–500 ಗ್ರಾಂ, ಅಂದರೆ 2,000 ಕ್ಯಾಲೊರಿಯ ಆಸುಪಾಸು. ಜೋರು ಹೆಚ್ಚಿದಷ್ಟೂ ಕೊಬ್ಬಿನ ಪಾಲು ಕಡಿಮೆಯಾಗಿ ಈ ಸಂಗ್ರಹ ಬೇಗ ಕರಗುತ್ತದೆ, ತಿಂದು ಅದೇ ವೇಗದಲ್ಲಿ ತುಂಬಿಸಲು ಹೊಟ್ಟೆಗೆ ಆಗುವುದಿಲ್ಲ. ಮೊದಲ ಏರಿನಲ್ಲಿ ಉಳಿಸಿದ ಐದು ನಿಮಿಷ ಕೊನೆಯ ಏರಿನಲ್ಲಿ ಅರ್ಧ ಗಂಟೆಯಾಗಿ ವಸೂಲಾಗುತ್ತದೆ.

ತುಳಿತ 70–85 ಸುತ್ತು. ಕಡಿದು ಬರುವ ಮುಂಚೆಯೇ ಗೇರ್ ಇಳಿಸಿ. ಪೂರ್ತಿ ಭಾರದಲ್ಲಿ ಮುಂದಿನ ಚೈನ್‌ರಿಂಗ್ ಬದಲಿಸಲು ಹೋದರೆ ಚೈನ್ ಕಳಚಿ ಒಳಗೆ ಬೀಳುತ್ತದೆ.

ಕೂತು ಹತ್ತುವುದೋ, ಎದ್ದು ನಿಂತೋ?

ಹೆಚ್ಚಿನ ಹೊತ್ತು ಕೂತು. ಹತ್ತು ನಿಮಿಷಕ್ಕೊಮ್ಮೆ ಇಪ್ಪತ್ತು ತುಳಿತ ಎದ್ದು ನಿಂತರೆ ಸೊಂಟಕ್ಕೆ ಬಿಡುವು. ಏಳುವಾಗ ಒಂದು ಗೇರ್ ಗಟ್ಟಿ ಮಾಡಿಕೊಳ್ಳಿ, ಇಲ್ಲದಿದ್ದರೆ ಸೈಕಲ್ ಹಿಂದಕ್ಕೆ ಜಗ್ಗಿ ಹಿಂದಿನವರಿಗೆ ತಾಗುತ್ತದೆ.

ಏನು, ಎಷ್ಟು ತಿನ್ನಬೇಕು, ಕುಡಿಯಬೇಕು?

ಗಂಟೆಗೆ 60 ಗ್ರಾಂ ಕಾರ್ಬೋಹೈಡ್ರೇಟ್, ಮೊದಲ ಅರ್ಧ ಗಂಟೆಯಿಂದಲೇ. ಮಧ್ಯಮ ಬಾಳೆಹಣ್ಣಿನಲ್ಲಿ ಸುಮಾರು 25 ಗ್ರಾಂ, ಒಂದು ಜೆಲ್‌ನಲ್ಲಿ 20–30. ಕರುಳು ಗ್ಲೂಕೋಸನ್ನು ಗಂಟೆಗೆ ಸುಮಾರು 60 ಗ್ರಾಂಗಿಂತ ಹೆಚ್ಚು ಒಳಗೆ ಬಿಡುವುದಿಲ್ಲ. ಫ್ರಕ್ಟೋಸ್ ಬೇರೆ ಬಾಗಿಲಿನಿಂದ ಹೋಗುವುದರಿಂದ ಎರಡೂ ಬೆರೆಸಿದರೆ 90 ಗ್ರಾಂವರೆಗೆ ಹೋಗಬಹುದು, ಆದರೆ ತಾಲೀಮಿನಲ್ಲಿ ಹೊಟ್ಟೆಗೆ ರೂಢಿ ಮಾಡಿಸಿದವರಿಗೆ ಮಾತ್ರ. ಆ ದಿನ ಹೊಸ ತಿನಿಸು ಯಾವುದೂ ಬೇಡ.

ತಿನ್ನುವ ಹೊತ್ತು ಗುಡ್ಡದಲ್ಲಿ ತಪ್ಪಿಹೋಗುತ್ತದೆ. ಹತ್ತುವಾಗ ಉಸಿರು ಬಿಡುವು ಕೊಡದು, ಇಳಿಯುವಾಗ ಕೈ ಬಿಡಲಾಗದು. ಏರು ಶುರುವಾಗುವ ಹತ್ತು ನಿಮಿಷ ಮುಂಚೆ, ಮತ್ತೆ ನೆತ್ತಿ ತಲುಪಿ ನಿಂತಾಗ, ಈ ಎರಡು ಹೊತ್ತಿಗೆ ಕಟ್ಟಿಹಾಕಿ. ಇಪ್ಪತ್ತು ನಿಮಿಷಕ್ಕೊಮ್ಮೆ ಸೈಕಲ್ ಕಂಪ್ಯೂಟರಿನಲ್ಲಿ ಅಲಾರಂ ಇಡುವುದೂ ಒಳ್ಳೆಯದು.

ನೀರು ಗಂಟೆಗೆ 500–750 ಮಿ.ಲೀ., ಸೆಕೆಯಲ್ಲಿ ಒಂದು ಲೀಟರ್‌ವರೆಗೆ. ನಿಮ್ಮ ಬೆವರು ಅಳೆಯಲು ಒಂದು ಗಂಟೆಯ ಸವಾರಿಗೆ ಮುಂಚೆ, ಆಮೇಲೆ ತೂಕ ನೋಡಿ. ಇಳಿದ ತೂಕಕ್ಕೆ ಕುಡಿದ ನೀರು ಸೇರಿಸಿ. ಮನೆಯಲ್ಲೇ ಕಲಸುವುದಾದರೆ 750 ಮಿ.ಲೀ. ಬಾಟಲಿಗೆ 45 ಗ್ರಾಂ ಸಕ್ಕರೆ, 1 ಗ್ರಾಂ ಉಪ್ಪು, ಅಂದರೆ ಕಾಲು ಟೀಚಮಚಕ್ಕಿಂತ ಕಡಿಮೆ. ಬರೀ ನೀರನ್ನೇ ಲೀಟರುಗಟ್ಟಲೆ ಬಲವಂತವಾಗಿ ಕುಡಿಯಬೇಡಿ. ರಕ್ತದಲ್ಲಿ ಸೋಡಿಯಂ ಇಳಿದರೆ ತಲೆನೋವು, ವಾಕರಿಕೆ, ಮಂಕು ಕವಿಯುತ್ತದೆ, ಮತ್ತು ಅದು ಅಪಾಯಕಾರಿ.

ಇಳಿಜಾರು ಭಯ. ಏನು ಮಾಡಲಿ?

ಭಯ ಸರಿಯಾಗಿಯೇ ಇದೆ, ಅಂಕಿ ನೋಡಿ. ಶೇ 8ರ ಇಳಿಜಾರಿನಲ್ಲಿ 50ರ ವೇಗದಲ್ಲಿದ್ದರೆ, ಕಂಡು ಬ್ರೇಕ್ ಹಿಡಿಯುವ ಒಂದು ಸೆಕೆಂಡಿಗೆ 14 ಮೀ. ಹೋಗುತ್ತದೆ, ಒಣ ರಸ್ತೆಯಲ್ಲಿ ಗಟ್ಟಿಯಾಗಿ ಹಿಡಿದರೂ ನಿಲ್ಲಲು ಇನ್ನೂ 23 ಮೀ. ಒದ್ದೆ ರಸ್ತೆಯಲ್ಲಿ ಆ 23 ಸುಲಭವಾಗಿ 45 ಆಗುತ್ತದೆ. 30ರ ವೇಗದಲ್ಲಿ, ಒಣ ರಸ್ತೆಯಲ್ಲಿ ಎಲ್ಲ ಸೇರಿ 17 ಮೀ. ಕಣ್ಣಿಗೆ ಕಾಣುವಷ್ಟು ದೂರದಲ್ಲಿ ನಿಲ್ಲಿಸಲು ಆಗುವ ವೇಗವೇ ನಿಮ್ಮ ವೇಗ.

ಕೈ ಡ್ರಾಪ್ಸ್‌ನಲ್ಲಿ, ಅಂದರೆ ಹ್ಯಾಂಡಲ್‌ನ ಕೆಳಗಿನ ಬಾಗಿನಲ್ಲಿ ಇರಲಿ, ಅಲ್ಲಿ ಬ್ರೇಕಿಗೆ ಬಲ ಹೆಚ್ಚು. ತಿರುವಿಗೆ ಮುಂಚೆ ನೇರವಾಗಿದ್ದಾಗಲೇ ವೇಗ ಇಳಿಸಿ, ಹೊರಗಿನ ಪೆಡಲ್ ಕೆಳಗಿಟ್ಟು ಅದರ ಮೇಲೆ ಭಾರ ಹಾಕಿ, ತಿರುವಿನ ಕೊನೆ ಕಡೆ ನೋಡಿ. ಗುಂಡಿ ನೋಡುತ್ತ ಹೋದರೆ ಗುಂಡಿಗೇ ಹೋಗುತ್ತೀರಿ. ಮರದ ನೆರಳಿನ ತಿರುವುಗಳಲ್ಲಿ ಇನ್ನೂ ಹುಷಾರು: ಬಿಸಿಲಿನಿಂದ ಒಳಹೊಕ್ಕ ಕಣ್ಣಿಗೆ ಒಂದು ಕ್ಷಣ ಏನೂ ಕಾಣದು, ರಸ್ತೆ ಅಲ್ಲೇ ಒದ್ದೆಯಿರುತ್ತದೆ, ಎಲೆ ಬಿದ್ದಿರುತ್ತದೆ, ವಾಹನಗಳು ಒಳಗಿನಿಂದ ಎಳೆದು ತಂದ ಜಲ್ಲಿ ಹೊರ ಅಂಚಿನಲ್ಲಿ ಗುಡ್ಡೆಯಾಗಿರುತ್ತದೆ.

ಮುಂದಿನ ಭಾಗ ಗಡಗಡ ನಡುಗಲು ಶುರುವಾದರೆ ಎರಡೂ ಮೊಣಕಾಲಿನಿಂದ ಫ್ರೇಮಿನ ಮೇಲ್ಕೊಳವೆ ಒತ್ತಿ ಹಿಡಿಯಿರಿ, ಸೀಟಿನಿಂದ ತುಸು ಮೇಲೇಳಿ, ಕೈ ಬಿಗಿಯದೆ ಮೆಲ್ಲಗೆ ವೇಗ ಇಳಿಸಿ.

ಹವಾಮಾನ ನೋಡುವಾಗ ಊರಿನ ಮುನ್ಸೂಚನೆ ಸಾಕೇ?

ನೆತ್ತಿಯ ಎತ್ತರಕ್ಕೆ ನೋಡಿ. 1,000 ಮೀ. ಮೇಲೆ ಹೋದರೆ ಸರಾಸರಿ 6.5 ಡಿಗ್ರಿ ಇಳಿಯುತ್ತದೆ. ಬೆವರಿನಲ್ಲಿ ತೊಯ್ದು ಹತ್ತಿ, ಅದೇ ಬಟ್ಟೆಯಲ್ಲಿ 50ರ ವೇಗದ ಗಾಳಿಗೆ ಇಳಿದರೆ ಬೆರಳು ಮರಗಟ್ಟಿ ಬ್ರೇಕ್ ಹಿಡಿಯಲಾಗದು. ಜೇಬಿನಲ್ಲಿ ಮಡಚಿಡುವ ಗಾಳಿತಡೆ ಜಾಕೆಟ್ ಮತ್ತು ಪೂರ್ತಿ ಬೆರಳಿನ ಕೈಗವಸು, ಕೆಳಗೆ ಸೆಕೆ ಇದ್ದರೂ. ಜಾಕೆಟನ್ನು ಇಳಿಯಲು ಶುರುಮಾಡುವ ಮುಂಚೆ ಹಾಕಿ, ಚಳಿ ಹತ್ತಿದ ಮೇಲಲ್ಲ.

ಬೆಟ್ಟಗಳಲ್ಲಿ ಗುಡುಗು ಮಳೆ ಹೆಚ್ಚಾಗಿ ಮಧ್ಯಾಹ್ನದ ಮೇಲೆ. ಎತ್ತರದ ನೆತ್ತಿ ದಾಟುವುದನ್ನು ಬೆಳಿಗ್ಗೆಗೇ ಇಡಿ. ಬಿಸಿಲೇರಿದಂತೆ ಗಾಳಿ ಕಣಿವೆಯಿಂದ ಮೇಲಕ್ಕೆ ಬೀಸುತ್ತದೆ, ಹಾಗಾಗಿ ಸಂಜೆ ಕಣಿವೆಗುಂಟ ಕೆಳಗೆ ಬರುವ ದಾರಿ ಎದುರುಗಾಳಿಯದ್ದಾಗಬಹುದು. 2,000 ಮೀ. ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಶೇ 78ರಷ್ಟು. ಅಲ್ಲಿ ಅದೇ ಉಸಿರಿಗೆ ವಾಟ್ ಕಡಿಮೆ ಬರುತ್ತದೆ, ಗಾಬರಿಯಾಗಬೇಡಿ.

ಎಷ್ಟು ವಾರ ತಯಾರಿ ಬೇಕು?

ವಾರಕ್ಕೆ 5–6 ಗಂಟೆ ಓಡಿಸುವವರಿಗೆ ಹನ್ನೆರಡು ವಾರ. ವಾರಕ್ಕೊಂದು ಉದ್ದ ಸವಾರಿ, ಅದರ ಏರನ್ನು ಮೆಲ್ಲಗೆ ಹೆಚ್ಚಿಸುತ್ತ. ವಾರಕ್ಕೊಮ್ಮೆ ಏರಿನ ತಾಲೀಮು: 10 ನಿಮಿಷದ ಮೂರು ಏರು, ಕೆಲವು ವಾರಗಳಲ್ಲಿ 20 ನಿಮಿಷದ ಮೂರಕ್ಕೆ. ಉಳಿದದ್ದು ಹಗುರ. ನಾಲ್ಕನೇ ವಾರಕ್ಕೊಮ್ಮೆ ಅರ್ಧಕ್ಕೆ ಇಳಿಸಿ. ಗುರಿಯ ಏರಿನ ಶೇ 75ರಷ್ಟನ್ನು ಎರಡು ಮೂರು ವಾರ ಮುಂಚೆ ಒಮ್ಮೆ, ಅದೇ ಬಟ್ಟೆ, ಅದೇ ತಿನಿಸು, ಅದೇ ಗೇರಿನಲ್ಲಿ ಮುಗಿಸಿ. ಕೊನೆಯ ವಾರ ಸವಾರಿ ಅರ್ಧಕ್ಕರ್ಧ ಕಡಿಮೆ.

ಹತ್ತಿರದಲ್ಲಿ ಬೆಟ್ಟವಿಲ್ಲದವರು ಎದುರುಗಾಳಿಯಲ್ಲಿ ಗಟ್ಟಿ ಗೇರ್, 60 ಸುತ್ತು, ಕೂತೇ ತುಳಿಯಬಹುದು. ಇಳಿಯುವ ಅಭ್ಯಾಸ ಮಾತ್ರ ಬಯಲಿನಲ್ಲಿ ಸಿಗದು. ಅದಕ್ಕಾಗಿ ಎರಡು ಮೂರು ಸಲವಾದರೂ ಬೆಟ್ಟಕ್ಕೆ ಹೋಗಬೇಕು.

ಗುಂಪಿನಲ್ಲಿ ಹೋದರೆ?

ಬಯಲಿನಲ್ಲಿ ಮುಂದಿನವರ ಮರೆ ಬಹಳ ಉಳಿಸುತ್ತದೆ. 10ರ ವೇಗದ ಏರಿನಲ್ಲಿ ಅದರಿಂದ ಏನೂ ಸಿಗದು, ಆದ್ದರಿಂದ ಅವರವರ ಲಯದಲ್ಲಿ ಹತ್ತಲಿ. ಕಾಯುವುದು ಗಾಳಿ ಬೀಸುವ ನೆತ್ತಿಯಲ್ಲಿ ಬೇಡ. ಮರೆಯಿರುವ ಜಾಗ ಮೊದಲೇ ಗೊತ್ತುಮಾಡಿ. ಕೊನೆಯವರು ಬಂದ ತಕ್ಷಣ ಹೊರಡಬೇಡಿ, ಅವರಿಗೂ ಐದು ನಿಮಿಷ ಬೇಕು. ದಾರಿ ತೋರಿಸುವ ಜಿಪಿಎಕ್ಸ್ ಫೈಲ್ ಎಲ್ಲರ ಬಳಿಯೂ ಇರಲಿ, ಬೆಟ್ಟದ ಹಿಂದೆ ಮೊಬೈಲ್ ಸಿಗ್ನಲ್ ಇರುವುದಿಲ್ಲ.

ಯಾವಾಗ ಬಿಟ್ಟು ವಾಪಸಾಗಬೇಕು?

ಎದೆನೋವು, ತಲೆಸುತ್ತು, ಸೆಕೆಯಲ್ಲೂ ಮೈ ನಡುಕ, ಬೆವರು ನಿಂತುಹೋಗುವುದು: ಇವು ಬಂದರೆ ಆ ಕ್ಷಣ ನಿಲ್ಲಿ, ಸಹಾಯ ಕರೆಯಿರಿ. ಬಿದ್ದು ತಲೆಗೆ ಪೆಟ್ಟಾದರೆ, ಚೆನ್ನಾಗಿದ್ದೇನೆ ಅನಿಸಿದರೂ, ಮುಂದೆ ಹೋಗಬೇಡಿ. ಮೊಣಕಾಲಿನಲ್ಲಿ ಪ್ರತಿ ತುಳಿತಕ್ಕೂ ಒಂದೇ ಜಾಗದಲ್ಲಿ ಚುಚ್ಚಿದರೆ ಅಡ್ಡದಾರಿ ಹಿಡಿಯಿರಿ. ಮಂಡಿಯ ಮುಂಭಾಗದ ನೋವಿಗೆ ಸೀಟು ತಗ್ಗಿರುವುದು, ಗೇರ್ ಗಟ್ಟಿಯಿರುವುದು ಹೆಚ್ಚಾಗಿ ಕಾರಣ. ಹಿಂಭಾಗದ್ದಕ್ಕೆ ಸೀಟು ಎತ್ತರ. ದಾರಿಯಲ್ಲಿ ಸರಿಪಡಿಸುವುದಾದರೆ ಒಮ್ಮೆಗೆ 3 ಮಿ.ಮೀ.ಗಿಂತ ಹೆಚ್ಚು ಸರಿಸಬೇಡಿ, ಮೊದಲಿದ್ದ ಎತ್ತರಕ್ಕೆ ಟೇಪಿನ ಗುರುತು ಹಾಕಿಕೊಳ್ಳಿ. ಬರೀ ಸುಸ್ತಾದರೆ ಕೂತು 40 ಗ್ರಾಂ ಸಕ್ಕರೆಯಷ್ಟು ಏನಾದರೂ ತಿಂದು 20 ನಿಮಿಷ ಕಾಯಿರಿ. ಹಸಿವಿನ ಸುಸ್ತಾಗಿದ್ದರೆ ಅಷ್ಟರಲ್ಲಿ ಕಣ್ಣು ತಿಳಿಯಾಗುತ್ತದೆ.

ಮುಗಿಸಿ ಬಂದ ಮೇಲೆ ಸೈಕಲ್‌ಗೆ ಏನು ಮಾಡಬೇಕು?

ಚೈನ್ ಒರೆಸಿ ಎಣ್ಣೆ ಹಾಕಿ, ಸವೆತದ ಅಳತೆಕಡ್ಡಿಯಿಂದ ನೋಡಿ. 11, 12 ಗೇರಿನ ಚೈನ್ ಶೇ 0.5 ಹಿಗ್ಗಿದ್ದರೆ ಬದಲಿಸಿ, ಇಲ್ಲವೇ ಕ್ಯಾಸೆಟ್ಟನ್ನೂ ತಿನ್ನುತ್ತದೆ. ಬ್ರೇಕ್ ಪ್ಯಾಡ್ ಮತ್ತೆ ಟಾರ್ಚ್ ಹಾಕಿ ನೋಡಿ. ದಾರಿಯಲ್ಲಿ ಕಾರ್ಬನ್ ಡೈಆಕ್ಸೈಡ್ ತುಂಬಿಸಿದ್ದರೆ ಪೂರ್ತಿ ಬಿಟ್ಟು ಮಾಮೂಲಿ ಗಾಳಿ ಹಾಕಿ, ಅದು ಟ್ಯೂಬಿನ ರಬ್ಬರಿನಿಂದ ಬೇಗ ಸೋರುತ್ತದೆ. ಬಳಸಿದ ಟ್ಯೂಬಿನ ಜಾಗಕ್ಕೆ ಹೊಸದನ್ನು ಅಂದೇ ಚೀಲಕ್ಕೆ ಸೇರಿಸಿ.